ಓದಿನಲ್ಲಿ ಹಿಂದೆ ಬಿದ್ದ ಮಗು: ಶಾಲೆ ಬದಲಿಸುವ ಮುನ್ನ

“ಪಕ್ಕದ ಮನೆಯ ಹುಡುಗಿ ಎರಡನೇ ಕ್ಲಾಸಿಗೇ ಕಥೆ ಪುಸ್ತಕ ಓದಿಬಿಡ್ತಾಳೆ. ನಮ್ಮವನಿಗೆ ಮೂರನೇ ಕ್ಲಾಸಿಗೆ ಬಂದರೂ ಒಂದು ಸಾಲು ಓದೋಕೆ ಐದು ನಿಮಿಷ ಬೇಕು.” ಹೀಗೆ ನಿಟ್ಟುಸಿರು ಬಿಡುವ ತಾಯಂದಿರು ಯಾವ ಊರಿನಲ್ಲಿಲ್ಲ ಹೇಳಿ? ಬೈದದ್ದಾಯಿತು, ಟ್ಯೂಷನ್ನಿಗೆ ಕಳಿಸಿದ್ದಾಯಿತು, ಹರಕೆ ಹೊತ್ತದ್ದೂ ಆಯಿತು. ಕೊನೆಗೆ ಮನೆಯವರೆಲ್ಲ ಕೂತು ತೀರ್ಮಾನಿಸುವುದು ಒಂದೇ: “ಈ ಸ್ಕೂಲೇ ಸರಿಯಿಲ್ಲ, ಬೇರೆ ಕಡೆ ಹಾಕೋಣ.” ಬೇರೆ ಸ್ಕೂಲು ಎಂದ ಕೂಡಲೇ ಕಣ್ಣೆದುರು ನಿಲ್ಲುವುದು ಫೀಸು.

ಆ ಫೀಸಿನ ಹಣವನ್ನು ಸರ್ಕಾರವೇ ಕೊಟ್ಟು, “ನಿಮಗೆ ಬೇಕಾದ ಶಾಲೆಗೆ ಸೇರಿಸಿಕೊಳ್ಳಿ” ಎಂದರೆ? ಅದಕ್ಕಿಂತ ಭಾಗ್ಯ ಬೇರೆ ಉಂಟೇ ಎಂದು ನಿಮಗನ್ನಿಸುವುದು ಸಹಜ. ನಾವಿರುವ ಅಮೆರಿಕದ ಫ್ಲಾರಿಡಾ ರಾಜ್ಯದಲ್ಲಿ ಅಂಥ ಏರ್ಪಾಡು ಇದೆ. ನಮ್ಮ ಮಗ ಅದರ ನೆರವಿನಿಂದ ಖಾಸಗಿ ಶಾಲೆಯಲ್ಲಿ ಓದಿದ. ಅದರಿಂದ ಏನು ಸಿಕ್ಕಿತು, ಏನು ಕೈಬಿಟ್ಟುಹೋಯಿತು ಎಂಬುದನ್ನು ನಿಮ್ಮ ಮುಂದಿಡಬೇಕೆಂದು ಈ ಲೇಖನ. ನಿಮ್ಮ ಮಗಳೋ ಮಗನೋ ಈ ದೇಶದಲ್ಲಿ ಸಂಸಾರ ಹೂಡಿದ್ದರೆ ಇದು ನೇರವಾಗಿಯೇ ಉಪಯೋಗಕ್ಕೆ ಬಂದೀತು. ಊರಿನಲ್ಲೇ ಇರುವವರಿಗೂ ಇಲ್ಲಿ ತಿಳಿಯಬೇಕಾದ ಮಾತಿದೆ.

ಮೊದಲು ಕಾರಣ ತಿಳಿಯಿರಿ

ಮಗು ಓದುತ್ತಿಲ್ಲ ಎಂದರೆ ಸೋಮಾರಿ ಎಂದುಬಿಡುವುದು ಸುಲಭ. ಆದರೆ ಮೊದಲು ಕಣ್ಣು, ಕಿವಿ ಪರೀಕ್ಷೆ ಮಾಡಿಸಿ. ಅವೆರಡೂ ಸರಿಯಿದ್ದು, ಮಾತಿನಲ್ಲಿ ಚುರುಕಾಗಿದ್ದು, ಕೇಳಿದ ಕಥೆಯನ್ನು ಚೆನ್ನಾಗಿ ಹೇಳಬಲ್ಲ ಮಗು ಅಕ್ಷರದ ಮುಂದೆ ಮಾತ್ರ ತಡವರಿಸಿದರೆ, ಅದು ಡಿಸ್ಲೆಕ್ಸಿಯಾ ಎಂಬ ಕಲಿಕೆಯ ತೊಂದರೆ ಇರಬಹುದು. ಇದು ಬುದ್ಧಿ ಕಡಿಮೆ ಎಂಬುದರ ಗುರುತಲ್ಲ. ಅಕ್ಷರಕ್ಕೂ ಅದರ ಸದ್ದಿಗೂ ನಂಟು ಬೆಸೆಯುವುದು ಆ ಮಕ್ಕಳಿಗೆ ಕಷ್ಟ, ಅಷ್ಟೆ. ಅಪ್ಪ ಅಮ್ಮಂದಿರಲ್ಲಿ ಇದ್ದರೆ ಮಕ್ಕಳಲ್ಲಿ ಕಾಣುವ ಸಂಭವವೂ ಹೆಚ್ಚು.

ನಮ್ಮ ಕನ್ನಡದಲ್ಲಿ ಬರೆದಂತೆ ಓದು. ಇಂಗ್ಲಿಷು ಹಾಗಲ್ಲ. ‘ಕಟ್’ ಎನ್ನುವ ಪದದಲ್ಲೂ ‘ಪುಟ್’ ಎನ್ನುವ ಪದದಲ್ಲೂ ನಡುವೆ ಕೂತಿರುವುದು ಅದೇ ‘ಯು’ ಅಕ್ಷರ. ಹಾಗಾಗಿ ಇಂಗ್ಲಿಷ್ ಓದುವ ಮಗುವಿನಲ್ಲಿ ಈ ತೊಂದರೆ ಬೇಗ ಎದ್ದು ಕಾಣುತ್ತದೆ. ಕನ್ನಡ ಓದುವ ಮಗುವಿಗೆ ಇದು ಬರುವುದೇ ಇಲ್ಲವೆಂದು ತಿಳಿಯಬೇಡಿ. ಗುಣಿತದಲ್ಲಿ, ಒತ್ತಕ್ಷರದಲ್ಲಿ ಎಡವುವುದು, ವರ್ಷಗಳು ಕಳೆದರೂ ಓದು ಆಮೆಯ ನಡಿಗೆಯಲ್ಲೇ ಇರುವುದು, ಇವೆಲ್ಲ ಅದರ ಲಕ್ಷಣವೇ.

ನಮ್ಮ ಮಗ ಎರಡನೇ ತರಗತಿಯಲ್ಲಿದ್ದಾಗ ಅವನ ಟೀಚರು, “ಮನೆಯಲ್ಲಿ ಇನ್ನೊಂದು ಭಾಷೆ ಆಡುವುದರಿಂದ ಹೀಗಾಗಿರಬಹುದು, ಇಂಗ್ಲಿಷ್ ಒಂದನ್ನೇ ಆಡಿ” ಎಂದು ಸಲಹೆ ಕೊಟ್ಟರು. ಈ ಮಾತನ್ನು ಹೊರದೇಶದಲ್ಲಿರುವ ಅನೇಕ ತಾಯಂದಿರು ಕೇಳಿರುತ್ತಾರೆ. ಎರಡು ಭಾಷೆ ಆಡುವುದರಿಂದ ಡಿಸ್ಲೆಕ್ಸಿಯಾ ಬರುವುದಿಲ್ಲ, ಒಂದನ್ನು ಬಿಟ್ಟರೆ ಅದು ಹೋಗುವುದೂ ಇಲ್ಲ. ಅಜ್ಜಿಯೊಡನೆ ಫೋನಿನಲ್ಲಿ ಕನ್ನಡ ಆಡುವುದನ್ನು ನಾವು ನಿಲ್ಲಿಸಲಿಲ್ಲ. ಶಾಲೆಯಲ್ಲಿ ದಿನವೆಲ್ಲ ತಲೆ ತಗ್ಗಿಸುವ ಹುಡುಗ ಸಂಜೆ ಅಜ್ಜಿಗೆ ಕಥೆ ಹೇಳುವಾಗ ಮಾತ್ರ ರಾಜನಂತೆ ಇರುತ್ತಿದ್ದ. ಅದನ್ನೂ ಕಿತ್ತುಕೊಂಡರೆ ಮಗುವಿಗೆ ಉಳಿಯುವುದೇನು?

ಸರ್ಕಾರಿ ಶಾಲೆಯಲ್ಲಿ ಸಿಗುವುದು

ಅಮೆರಿಕದಲ್ಲಿ ಮಧ್ಯಮ ವರ್ಗದವರ ಮಕ್ಕಳೂ ಬಹುಪಾಲು ಸರ್ಕಾರಿ ಶಾಲೆಗೇ ಹೋಗುತ್ತಾರೆ. ಫೀಸಿಲ್ಲ, ಬಸ್ಸೂ ಉಚಿತ. 1975ರಲ್ಲಿ ಅಲ್ಲಿ ಒಂದು ದೊಡ್ಡ ಕಾನೂನು ಬಂತು. ನ್ಯೂನತೆ ಇರುವ ಪ್ರತಿ ಮಗುವಿಗೂ ಅದಕ್ಕೆ ತಕ್ಕ ಶಿಕ್ಷಣವನ್ನು ಸರ್ಕಾರಿ ಶಾಲೆ ಉಚಿತವಾಗಿ ಕೊಡಲೇಬೇಕು ಎನ್ನುವುದು ಅದರ ಸಾರ. 1990ರಲ್ಲಿ ಅದರ ಹೆಸರು ಬದಲಾಯಿತು. ಈಗ ಎಲ್ಲರೂ ಅದನ್ನು ‘ಐಡಿಯಾ’ ಕಾಯ್ದೆ ಎನ್ನುತ್ತಾರೆ.

ಇದರ ಪ್ರಕಾರ ಪೋಷಕರು ಬರವಣಿಗೆಯಲ್ಲಿ ಕೇಳಿದರೆ ಶಾಲೆಯವರು ಆ ಕೋರಿಕೆಯನ್ನು ಪರಿಶೀಲಿಸಬೇಕು. ನಿರಾಕರಿಸಿದರೆ ಕಾರಣವನ್ನು ಬರೆದು ಕೊಡಬೇಕು. ಪರೀಕ್ಷೆಗೆ ಒಪ್ಪಿ ನಿಮ್ಮ ಸಹಿ ಪಡೆದ ಮೇಲೆ, ಕೇಂದ್ರ ಕಾನೂನಿನ ಲೆಕ್ಕದಲ್ಲಿ 60 ದಿನದೊಳಗೆ ಅದನ್ನು ಮುಗಿಸಬೇಕು. ರಾಜ್ಯವೇ ಬೇರೆ ಗಡುವು ಇಟ್ಟಿದ್ದರೆ ಆ ಗಡುವು. ತೊಂದರೆ ಇದೆಯೆಂದು ಕಂಡುಬಂದರೆ ತಂದೆ ತಾಯಿಯರನ್ನೂ ಕೂರಿಸಿಕೊಂಡು ಆ ಮಗುವಿಗೆಂದೇ ಒಂದು ಶಿಕ್ಷಣ ಯೋಜನೆ ಬರೆಯಬೇಕು. ಇದಕ್ಕೆ ‘ಐ.ಇ.ಪಿ.’ ಎಂದು ಹೆಸರು. ಅದರಲ್ಲಿ ಬರೆದದ್ದನ್ನು ಶಾಲೆ ಮಾಡಲಿಲ್ಲವೆಂದರೆ ನೀವು ದೂರು ಕೊಡಬಹುದು, ವಿಚಾರಣೆ ಕೇಳಬಹುದು. ಬಾಯಿಮಾತಿಗೆ ಇಲ್ಲಿ ಬೆಲೆಯಿಲ್ಲ. ಏನಿದ್ದರೂ ಬರೆದು, ತಾರೀಖು ಹಾಕಿ ಕೊಡಬೇಕು.

ನಮಗೂ ಇದೆಲ್ಲ ಸಿಕ್ಕಿತು. ದಿನಕ್ಕೆ ಅರ್ಧ ಗಂಟೆ, ಏಳೆಂಟು ಮಕ್ಕಳ ಗುಂಪಿನಲ್ಲಿ ವಿಶೇಷ ಪಾಠ. ಪಾಠ ಹೇಳುತ್ತಿದ್ದವರು ಒಳ್ಳೆಯ ಹೆಂಗಸು. ಆದರೆ ವರ್ಷದ ನಡುವೆ ಅವರು ಕೆಲಸ ಬಿಟ್ಟರು. ಎರಡು ತಿಂಗಳು ಬದಲಿ ಟೀಚರುಗಳು ಬಂದು ಹೋದರು. ಮಗನ ಓದು ನಿಂತಲ್ಲೇ ನಿಂತಿತು.

ಫ್ಲಾರಿಡಾದಲ್ಲಿ ಮೂರನೇ ತರಗತಿ ಎಂದರೆ ತಂದೆ ತಾಯಂದಿರಿಗೆ ನಡುಕ. ರಾಜ್ಯದ ಓದುವ ಪರೀಕ್ಷೆಯಲ್ಲಿ ಎಲ್ಲಕ್ಕಿಂತ ಕೆಳಗಿನ ಮಟ್ಟ ಬಂದ ಮಗುವನ್ನು ಅದೇ ತರಗತಿಯಲ್ಲಿ ಉಳಿಸಿಕೊಳ್ಳುವ ನಿಯಮ 2002-03ರಿಂದ ಜಾರಿಯಲ್ಲಿದೆ. ಕೆಲವು ವಿನಾಯಿತಿಗಳೂ ಇವೆ. ಪರೀಕ್ಷೆಯಲ್ಲಿ ನಮ್ಮವನು ಕೆಳಗಿನ ಮಟ್ಟದಲ್ಲೇ ಬಂದ. ವರ್ಷವಿಡೀ ಅವನು ಮಾಡಿದ ಕೆಲಸದ ಕಡತವನ್ನು ನೋಡಿ ಮೇಲಿನ ತರಗತಿಗೆ ಹಾಕಿದರು. ತೇರ್ಗಡೆಯೇನೋ ಆದ, ಆದರೆ ನಾಲ್ಕನೇ ತರಗತಿಯ ಪುಸ್ತಕ ಓದುವವರು ಯಾರು? ರಾತ್ರಿ ಮಲಗುವಾಗ, “ಅಮ್ಮಾ, ನಾನು ದಡ್ಡನಾ?” ಎಂದು ಕೇಳಿದ. ಆಗ ನಾವು ವಿದ್ಯಾರ್ಥಿವೇತನದ ಕಡೆ ತಿರುಗಿದೆವು.

ಏನಿದು ವಿದ್ಯಾರ್ಥಿವೇತನ?

ವಿದ್ಯಾರ್ಥಿವೇತನ ಎಂದರೆ ನಮ್ಮಲ್ಲಿ ಜಾಣ ಮಕ್ಕಳಿಗೆ ಕೊಡುವ ಬಹುಮಾನವೆಂದೇ ರೂಢಿ. ಇದು ಹಾಗಲ್ಲ. ಸರ್ಕಾರ ಒಂದು ಮಗುವಿಗಾಗಿ ತನ್ನ ಶಾಲೆಯಲ್ಲಿ ಖರ್ಚು ಮಾಡುವ ಹಣದ ಪಾಲನ್ನು ಪೋಷಕರ ಆಯ್ಕೆಗೆ ಬಿಡುವುದು. ನಗರವೊಂದರಲ್ಲಿ ಇಂಥ ಯೋಜನೆ 1990ರಲ್ಲಿ ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕಿಯಲ್ಲಿ ಬಡ ಮಕ್ಕಳಿಗಾಗಿ ಆರಂಭವಾಯಿತು. ವಿಶೇಷ ಅಗತ್ಯವಿರುವ ಮಕ್ಕಳಿಗಾಗಿ ಫ್ಲಾರಿಡಾದಲ್ಲಿ 1999ರಲ್ಲಿ ಮೆಕೇ ವಿದ್ಯಾರ್ಥಿವೇತನ ಎಂಬುದು ಒಂದು ಜಿಲ್ಲೆಯಲ್ಲಿ ಪ್ರಯೋಗವಾಗಿ ಬಂದು, ಮರುವರ್ಷ ರಾಜ್ಯಕ್ಕೆಲ್ಲ ಹಬ್ಬಿತು. ಆ ಹೆಸರು ಬಂದದ್ದು ರಾಜ್ಯದ ಸೆನೆಟ್ ಅಧ್ಯಕ್ಷರಾಗಿದ್ದ ಜಾನ್ ಮೆಕೇ ಅವರಿಂದ. ಅವರ ಮಗಳೂ ಕಲಿಕೆಯಲ್ಲಿ ವಿಶೇಷ ನೆರವು ಬೇಕಾದವಳೇ. 2022ರಲ್ಲಿ ಮೆಕೇ ಯೋಜನೆ ಇನ್ನೊಂದು ದೊಡ್ಡ ಯೋಜನೆಯೊಳಗೆ ಸೇರಿಹೋಯಿತು. 2023ರಲ್ಲಿ ಫ್ಲಾರಿಡಾ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಆದಾಯದ ಮಿತಿಯಿಲ್ಲದೆ ಎಲ್ಲ ಶಾಲಾ ಮಕ್ಕಳಿಗೂ ಬೇರೊಂದು ವಿದ್ಯಾರ್ಥಿವೇತನದ ಬಾಗಿಲು ತೆರೆಯಿತು.

ನಮ್ಮಂಥವರಿಗೆ ಸಿಗುವ ಹಣ ಜಿಲ್ಲೆ, ತರಗತಿ, ಮಗುವಿನ ಅಗತ್ಯದ ಮಟ್ಟ ನೋಡಿ ಹೆಚ್ಚು ಕಡಿಮೆಯಾಗುತ್ತದೆ. ವರ್ಷಕ್ಕೆ ಸುಮಾರು 10,000 ಡಾಲರ್ ಆಸುಪಾಸು ಎಂದಿಟ್ಟುಕೊಳ್ಳಿ. ಅದು ನಮ್ಮ ಕೈಗೆ ನಗದಾಗಿ ಬರುವುದಿಲ್ಲ. ಮಗುವಿನ ಹೆಸರಿನ ಖಾತೆಯಲ್ಲಿ ಕಂತುಕಂತಾಗಿ ಬೀಳುತ್ತದೆ. ಶಾಲೆಯ ಫೀಸಿಗೆ, ಮನೆಪಾಠಕ್ಕೆ, ಮಾತು ತಿದ್ದುವ ಚಿಕಿತ್ಸೆಗೆ, ಪುಸ್ತಕಕ್ಕೆ ಬಳಸಬಹುದು. ಪ್ರತಿಯೊಂದಕ್ಕೂ ರಸೀದಿ ಬೇಕು. ನಮ್ಮ ಯಜಮಾನರು ಸಾಮಾನ್ಯವಾಗಿ ಅಂಗಡಿ ಚೀಟಿಗಳನ್ನು ಮುದುರಿ ಎಸೆಯುವವರು. ಆ ವರ್ಷ ಬಿಸ್ಕತ್ತಿನ ಡಬ್ಬದಲ್ಲಿ ರಸೀದಿ ಜೋಡಿಸಿಡುವುದನ್ನು ಕಲಿತರು!

ಕೊಡುವಾಗ ಏನು ಕೇಳುತ್ತದೆ?

ಸೋದರಿಯರೇ, ಇಡೀ ಲೇಖನದಲ್ಲಿ ನೀವು ನೆನಪಿಡಬೇಕಾದ ಮಾತು ಇದು: ಹಣ ಮಗುವಿನ ಜೊತೆ ಹೋಗುತ್ತದೆ, ಹಕ್ಕು ಹೋಗುವುದಿಲ್ಲ.

ವಿದ್ಯಾರ್ಥಿವೇತನ ಪಡೆದು ನೀವಾಗಿಯೇ ಖಾಸಗಿ ಶಾಲೆಗೆ ಸೇರಿಸಿದ ದಿನ, ಐಡಿಯಾ ಕಾಯ್ದೆ ಮಗುವಿಗೆ ಕೊಟ್ಟಿದ್ದ ಉಚಿತ ಶಿಕ್ಷಣದ ವೈಯಕ್ತಿಕ ಹಕ್ಕು ಹಿಂದೆ ಉಳಿಯುತ್ತದೆ. ಐ.ಇ.ಪಿ.ಯನ್ನು ಖಾಸಗಿ ಶಾಲೆ ಪಾಲಿಸಬೇಕೆಂದಿಲ್ಲ. ಪಾಠ ಸರಿಯಾಗಿ ಆಗಲಿಲ್ಲವೆಂದು ಹಿಂದಿನಂತೆ ವಿಚಾರಣೆ ಕೇಳುವಂತಿಲ್ಲ. ಯಾರನ್ನು ಸೇರಿಸಿಕೊಳ್ಳಬೇಕು, ಯಾರನ್ನು ಬಿಡಬೇಕು ಎಂಬುದು ಬಹುಮಟ್ಟಿಗೆ ಶಾಲೆಯವರ ಇಷ್ಟ. ಶಾಲೆಯನ್ನು ನಾವು ಆರಿಸುತ್ತೇವೆ ಎಂದುಕೊಂಡಿರುತ್ತೇವೆ. ಶಾಲೆಯೂ ನಮ್ಮನ್ನು ಆರಿಸುತ್ತಿರುತ್ತದೆ!

ಇದು ಹೆಚ್ಚಿನ ಪೋಷಕರಿಗೆ ಗೊತ್ತೇ ಇರುವುದಿಲ್ಲ. ಅಮೆರಿಕದ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ 2017ರ ನವೆಂಬರಿನಲ್ಲಿ ಕೊಟ್ಟ ವರದಿ ಇದನ್ನೇ ಎತ್ತಿ ತೋರಿಸಿತು. ಹಕ್ಕಿನಲ್ಲಾಗುವ ಈ ಬದಲಾವಣೆಯನ್ನು ಹಲವು ಯೋಜನೆಗಳು ಪೋಷಕರಿಗೆ ತಿಳಿಸುವುದೇ ಇಲ್ಲ, ಕೆಲವು ತಪ್ಪಾಗಿ ತಿಳಿಸುತ್ತವೆ ಎಂದು ಹೇಳಿತು.

ನಮ್ಮ ಪರಿಚಯದ ಒಂದು ಸಂಸಾರದ ಕಥೆ ಕೇಳಿ. ಅವರ ಮಗುವನ್ನು ಒಂದು ಖಾಸಗಿ ಶಾಲೆ ಆಗಸ್ಟಿನಲ್ಲಿ ನಗುನಗುತ್ತಾ ಸೇರಿಸಿಕೊಂಡಿತು. ಜನವರಿಯಲ್ಲಿ “ನಮ್ಮಿಂದ ಆಗುವುದಿಲ್ಲ” ಎಂದು ಕಳಿಸಿಬಿಟ್ಟಿತು. ತಾಯಿ ಅತ್ತದ್ದೇ ಬಂತು. ಕೊನೆಗೆ ಮಗುವನ್ನು ಮರಳಿ ಸೇರಿಸಿಕೊಂಡದ್ದು ಅದೇ ಹಳೆಯ ಸರ್ಕಾರಿ ಶಾಲೆ. ಅದು ಯಾವ ಮಗುವನ್ನೂ ಬಾಗಿಲಿನಿಂದ ತಿರುಗಿಸಿ ಕಳಿಸುವಂತಿಲ್ಲ. ಆದ್ದರಿಂದ ಹೊರಡುವಾಗ ಅಲ್ಲಿಯವರೊಡನೆ ಜಗಳವಾಡಿಕೊಂಡು ಹೊರಡಬೇಡಿ. ಐ.ಇ.ಪಿ., ಪರೀಕ್ಷೆಯ ವರದಿ, ಟೀಚರುಗಳ ಟಿಪ್ಪಣಿ ಎಲ್ಲದರ ಪ್ರತಿ ತೆಗೆದಿಟ್ಟುಕೊಳ್ಳಿ.

ಈ ಯೋಜನೆಗಳು ಸರಿಯೇ ತಪ್ಪೇ ಎಂದು ಈ ದೇಶದಲ್ಲಿ ದೊಡ್ಡ ವಾದವೇ ನಡೆದಿದೆ. ಸರ್ಕಾರಿ ಶಾಲೆಯ ಹಣ ಸೋರಿಹೋಗುತ್ತದೆ ಎನ್ನುವವರಿದ್ದಾರೆ. ಉಳ್ಳವರಿಗಿದ್ದ ಆಯ್ಕೆ ಇಲ್ಲದವರಿಗೂ ಸಿಗಲಿ ಎನ್ನುವವರಿದ್ದಾರೆ. 2002ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಐದಕ್ಕೆ ನಾಲ್ಕರ ಬಹುಮತದಿಂದ ಕ್ಲೀವ್‌ಲೆಂಡ್ ನಗರದ ಇಂಥ ಯೋಜನೆಯನ್ನು ಎತ್ತಿಹಿಡಿಯಿತು. ವಾದ ಅಲ್ಲಿಗೇ ಮುಗಿಯಲಿಲ್ಲ. ಎರಡು ಕಡೆಯ ಮಾತಿನಲ್ಲೂ ಹುರುಳಿದೆ. ತಾಯಿಯಾದವಳಿಗೆ ಮಾತ್ರ ಕಣ್ಣೆದುರು ಇರುವುದು ಒಂದೇ ಮಗು.

ಶಾಲೆ ನೋಡಲು ಹೋದಾಗ

ನಾವು ಮೂರು ಶಾಲೆ ನೋಡಿದೆವು. ಮೊದಲನೆಯದಕ್ಕೆ ಈಜುಕೊಳ, ಹುಲ್ಲುಹಾಸು, ಗಾಜಿನ ಗ್ರಂಥಾಲಯ. ದೂರದ ಬೆಟ್ಟ ನುಣ್ಣಗೆ ಎಂಬಂತೆ ಎಲ್ಲ ಅಂದವೇ. ಡಿಸ್ಲೆಕ್ಸಿಯಾ ಎಂದ ಕೂಡಲೇ, “ತರಗತಿಯ ವೇಗಕ್ಕೆ ಹೊಂದಿಕೊಳ್ಳುವ ಮಕ್ಕಳನ್ನು ಮಾತ್ರ ತೆಗೆದುಕೊಳ್ಳುತ್ತೇವೆ” ಎಂದರು. ಎರಡನೆಯದರಲ್ಲಿ ಎಲ್ಲದಕ್ಕೂ “ಆಗುತ್ತೆ, ಆಗುತ್ತೆ” ಎಂದರು. ಹೇಗೆ ಕಲಿಸುತ್ತೀರಿ ಎಂದರೆ ಉತ್ತರವಿಲ್ಲ. ಮೂರನೆಯದು ಇಗರ್ಜಿಯೊಂದರ ಹಿಂಬದಿಯ ನಾಲ್ಕು ಕೋಣೆ. ಆದರೆ ಅಲ್ಲಿನ ಟೀಚರು ಮಗನ ವರದಿಯನ್ನು ಪೂರ್ತಿ ಓದಿ, ಆಮೇಲೆ ಮಾತಿಗೆ ಬಂದರು. ನಾವು ಸೇರಿಸಿದ್ದು ಅಲ್ಲಿಗೇ.

ನೀವು ಯಾವ ಊರಿನಲ್ಲಿದ್ದರೂ ಈ ಪ್ರಶ್ನೆಗಳನ್ನು ಬರೆದುಕೊಂಡು ಹೋಗಿ:

1. ಓದಲು ಕಷ್ಟಪಡುವ ಮಕ್ಕಳಿಗೆ ಯಾವ ವಿಧಾನದಲ್ಲಿ ಕಲಿಸುತ್ತೀರಿ? ಅದರಲ್ಲಿ ತರಬೇತಿ ಪಡೆದವರು ಯಾರು? (ಫ್ಲಾರಿಡಾದ ನಿಯಮದಲ್ಲಿ ಇಂಥ ಖಾಸಗಿ ಶಾಲೆಯ ಶಿಕ್ಷಕರಿಗೆ ಪದವಿ, ಇಲ್ಲವೇ 3 ವರ್ಷದ ಅನುಭವ, ಇಲ್ಲವೇ ವಿಶೇಷ ಪರಿಣತಿ, ಇವುಗಳಲ್ಲಿ ಒಂದಿದ್ದರೆ ಸಾಕು. ಆದ್ದರಿಂದ ಕೇಳಲು ಸಂಕೋಚ ಬೇಡ.)

2. ಒಂದು ಗುಂಪಿನಲ್ಲಿ ಎಷ್ಟು ಮಕ್ಕಳು? ವಾರಕ್ಕೆ ಎಷ್ಟು ಗಂಟೆ?

3. ಪ್ರಗತಿಯನ್ನು ಹೇಗೆ ಅಳೆಯುತ್ತೀರಿ? ನಮಗೆ ಯಾವಾಗ ತೋರಿಸುತ್ತೀರಿ?

4. ಯಾವ ಸಂದರ್ಭದಲ್ಲಿ ಮಗುವನ್ನು ಶಾಲೆಯಿಂದ ಕಳಿಸುತ್ತೀರಿ? ಆಗ ಕಟ್ಟಿದ ಹಣದ ಗತಿ ಏನು?

5. ಫೀಸಲ್ಲದೆ ಇನ್ನೇನು ಖರ್ಚಿದೆ? ಸಮವಸ್ತ್ರ, ಪುಸ್ತಕ, ವಾಹನ?

6. ಪಾಠ ನಡೆಯುವಾಗ ಒಂದು ಗಂಟೆ ಹಿಂದಿನ ಬೆಂಚಿನಲ್ಲಿ ಕೂತು ನೋಡಬಹುದೇ?

ಆರನೆಯದಕ್ಕೆ ಬರುವ ಉತ್ತರದಿಂದಲೇ ಅರ್ಧ ವಿಷಯ ತಿಳಿದುಹೋಗುತ್ತದೆ.

ಫಲ ಏನಾಯಿತು?

ಶಾಲೆಯ ಫೀಸು 14,000 ಡಾಲರ್. ವಿದ್ಯಾರ್ಥಿವೇತನ ಹೋಗಿ ಉಳಿದದ್ದು ನಮ್ಮ ತಲೆಯ ಮೇಲೆ. ಎರಡು ವರ್ಷ ಊರಿಗೆ ಬರುವ ಟಿಕೆಟ್ಟಿನ ಹಣ ಅಲ್ಲಿಗೆ ಹೋಯಿತು. ಉಚಿತ ಬಸ್ಸು ತಪ್ಪಿ, ದಿನಾ ಬೆಳಿಗ್ಗೆ ಸಂಜೆ ನಲವತ್ತು ನಿಮಿಷ ಕಾರಿನಲ್ಲಿ ಕರೆದೊಯ್ಯುವುದು ನನ್ನ ಪಾಲಿಗೆ ಬಂತು. ಪೂರ್ತಿ ಫೀಸು ತುಂಬಿಕೊಡುವ ವಿದ್ಯಾರ್ಥಿವೇತನ ಎಂದು ಯಾರಾದರೂ ಹೇಳಿದರೆ ಲೆಕ್ಕ ಹಾಕದೆ ನಂಬಬೇಡಿ.

ಅಲ್ಲಿ ಕಲಿಸಿದ್ದು ಆರ್ಟನ್-ಗಿಲಿಂಗ್‌ಹ್ಯಾಮ್ ಎಂಬ ವಿಧಾನ. ನರರೋಗ ತಜ್ಞ ಸ್ಯಾಮ್ಯುಯೆಲ್ ಆರ್ಟನ್, ಶಿಕ್ಷಕಿ ಅನ್ನಾ ಗಿಲಿಂಗ್‌ಹ್ಯಾಮ್ ಇಬ್ಬರೂ 1930ರ ದಶಕದಲ್ಲಿ ರೂಪಿಸಿದ್ದು. ಒಂದೊಂದೇ ಸದ್ದು, ಅದರ ಅಕ್ಷರ, ಕಣ್ಣಿನಿಂದ ನೋಡಿ, ಬಾಯಿಂದ ಹೇಳಿ, ಬೆರಳಿನಿಂದ ಬರೆದು ಕಲಿಯುವುದು. ಹಿಂದಿನದು ಗಟ್ಟಿಯಾಗದೆ ಮುಂದಿನದಿಲ್ಲ. ಮೊದಲ ವಾರ ನೋಡಲು ಹೋದಾಗ ತಟ್ಟೆಯಲ್ಲಿ ಮರಳು ಹರಡಿ ಮಕ್ಕಳು ಬೆರಳಿನಿಂದ ಅಕ್ಷರ ತೀಡುತ್ತಿದ್ದರು. ನಮ್ಮ ಅಕ್ಷರಾಭ್ಯಾಸದಲ್ಲಿ ಅಕ್ಕಿಯ ಮೇಲೆ ಬರೆಸುತ್ತೇವಲ್ಲ, ಥೇಟ್ ಹಾಗೇ! ನಾವು ಒಂದು ದಿನ ಮಾಡಿ ಬಿಡುವುದನ್ನು ಅವರು ತಿಂಗಳುಗಟ್ಟಲೆ ಮಾಡುತ್ತಾರೆ.

ಪವಾಡವೇನೂ ನಡೆಯಲಿಲ್ಲ. ಮೊದಲ ಆರು ತಿಂಗಳು ಹೆಚ್ಚೇನೂ ಕಾಣಲಿಲ್ಲ. ಎರಡು ವರ್ಷ ಮುಗಿಯುವ ಹೊತ್ತಿಗೆ ತನ್ನ ತರಗತಿಗಿಂತ ಒಂದು ವರ್ಷ ಹಿಂದಿನ ಮಟ್ಟಕ್ಕೆ ಬಂದು ಮುಟ್ಟಿದ. ಕಾಗುಣಿತ ಈಗಲೂ ಸರಿಯಿಲ್ಲ. ಆದರೆ ಅಂಗಡಿಯ ಬೋರ್ಡು, ಆಟದ ನಿಯಮ, ಹೋಟೆಲಿನ ತಿಂಡಿಯ ಪಟ್ಟಿ ಓದುತ್ತಾನೆ. “ದಡ್ಡನಾ?” ಎಂದು ಕೇಳುವುದನ್ನು ನಿಲ್ಲಿಸಿದ್ದಾನೆ. ಶಾಲೆಯ ಹೆಸರಾಗಲೀ ವಿದ್ಯಾರ್ಥಿವೇತನವಾಗಲೀ ಇದನ್ನು ಮಾಡಲಿಲ್ಲ. ಕಲಿಸಲು ಗೊತ್ತಿದ್ದ ಒಬ್ಬ ಟೀಚರು ದಿನವೂ ಪಕ್ಕದಲ್ಲಿ ಕೂತು ಮಾಡಿದ ಪಾಠ ಮಾಡಿತು. ಅಂಥವರು ನಿಮ್ಮ ಸರ್ಕಾರಿ ಶಾಲೆಯಲ್ಲೇ ಇದ್ದರೆ ಖಂಡಿತ ಅಲ್ಲೇ ಉಳಿಯಿರಿ.

ನಮ್ಮೂರಿನಲ್ಲಿ ಏನಿದೆ?

ಕರ್ನಾಟಕದಲ್ಲಿ ಇಂಥ ವಿದ್ಯಾರ್ಥಿವೇತನ ಇಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಖಾಸಗಿ ಶಾಲೆಗಳ ಆರಂಭದ ತರಗತಿಯಲ್ಲಿ ಶೇಕಡ 25 ಸೀಟು ದುರ್ಬಲ ಮತ್ತು ಅವಕಾಶವಂಚಿತ ವರ್ಗದ ಮಕ್ಕಳಿಗೆ ಮೀಸಲು. ಫೀಸನ್ನು ಸರ್ಕಾರ ನಿಗದಿಪಡಿಸಿದ ಮೊತ್ತದವರೆಗೆ ಶಾಲೆಗೆ ಭರಿಸಿಕೊಡುತ್ತದೆ. 2012ರ ತಿದ್ದುಪಡಿಯಿಂದ ವಿಕಲಚೇತನ ಮಕ್ಕಳೂ ಇದಕ್ಕೆ ಸೇರಿದರು. ಆದರೆ ಇದು ಆರಂಭದ ತರಗತಿಗೆ ಮಾತ್ರ. ನಾಲ್ಕನೇ ತರಗತಿಯಲ್ಲಿ ತೊಂದರೆ ಗೊತ್ತಾದ ಮಗುವಿಗೆ ಆ ಬಾಗಿಲು ಮುಚ್ಚಿರುತ್ತದೆ. ಜೊತೆಗೆ 2019ರಲ್ಲಿ, ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಈ ಸೀಟಿಲ್ಲ ಎಂಬ ನಿಯಮ ಜಾರಿಗೆ ಬಂದು ಸೀಟುಗಳು ಬಹಳ ಕಡಿಮೆಯಾದವು.

ಹಾಗೆಂದು ನಿರಾಶರಾಗಬೇಕಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ನ್ಯೂನತೆಗಳನ್ನು ಪಟ್ಟಿ ಮಾಡಿದೆ. ಅದರಲ್ಲಿ ಕಲಿಕಾ ನ್ಯೂನತೆಯೂ ಒಂದು. ಇದನ್ನು ಆದಷ್ಟು ಬೇಗ ಗುರುತಿಸುವುದು ಶಾಲೆಗಳ ಕರ್ತವ್ಯವೆಂದು ಕಾಯ್ದೆ ಹೇಳುತ್ತದೆ. ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಬರೆದುಕೊಡುವವರ ನೆರವು, ಎರಡನೇ ಮೂರನೇ ಭಾಷೆಯಿಂದ ವಿನಾಯಿತಿ, ಇವುಗಳ ಮಾತೂ ಅದರಲ್ಲಿದೆ. ಶೇಕಡ 40 ಅಥವಾ ಹೆಚ್ಚಿನ ನ್ಯೂನತೆ ಎಂದು ಪ್ರಮಾಣಪತ್ರ ಸಿಕ್ಕ 6ರಿಂದ 18 ವರ್ಷದ ಮಗುವಿಗೆ ನೆರೆಹೊರೆಯ ಶಾಲೆಯಲ್ಲಾಗಲೀ ತಾನು ಆರಿಸಿದ ವಿಶೇಷ ಶಾಲೆಯಲ್ಲಾಗಲೀ ಉಚಿತ ಶಿಕ್ಷಣದ ಹಕ್ಕಿದೆ. ಪರೀಕ್ಷೆ ಮಾಡಿಸಲು ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇವೆ.

ಕೊನೆಯದಾಗಿ ತಾಯಂದಿರಿಗೆ ಒಂದು ಮಾತು. ಅನುಮಾನ ಬಂದ ಕೂಡಲೇ ಪರೀಕ್ಷೆ ಮಾಡಿಸಿ. “ದೊಡ್ಡವನಾದರೆ ಸರಿಹೋಗ್ತಾನೆ ಬಿಡಿ” ಎನ್ನುವವರ ಮಾತಿಗೆ ವರ್ಷಗಳನ್ನು ಕಳೆಯಬೇಡಿ. ಶಾಲೆಗೆ ಕೊಡುವ ಪ್ರತಿ ಕಾಗದದ ಪ್ರತಿ ನಿಮ್ಮಲ್ಲಿರಲಿ. ಕಟ್ಟಡ ನೋಡಿ ಶಾಲೆ ಆರಿಸಬೇಡಿ, ಕಲಿಸುವವರನ್ನು ನೋಡಿ ಆರಿಸಿ. ಸಹಿ ಹಾಕುವ ಮುನ್ನ, ಇದರಿಂದ ಸಿಗುವುದೇನು, ಬಿಟ್ಟುಕೊಡುವುದೇನು ಎಂದು ಎರಡು ಪಟ್ಟಿ ಮಾಡಿ, ಮನೆಯವರೊಡನೆ ಕೂತು ಓದಿ. ಆಮೇಲೆ ಮಗುವನ್ನೂ ಒಂದು ಮಾತು ಕೇಳಿ. ದಿನಾ ಆ ಶಾಲೆಗೆ ಹೋಗಬೇಕಾದ್ದು ಅದೇ ತಾನೆ?